ದಪ್ಪ ಮೈ, ಚೊಚ್ಚಲ ಹೆರಿಗೆ, ಒಂದು ಪುಟದ ಯೋಜನೆ

ಗರ್ಭಿಣಿಯಾದ ಮೇಲೆ ತಪಾಸಣೆಗೆ ಹೋದ ಮೊದಲ ಮೂರು ಸಲವೂ ನನ್ನ ರಕ್ತದೊತ್ತಡ 140ಕ್ಕಿಂತ ಮೇಲೆಯೇ ಬಂದಿತ್ತು. ಪ್ರತಿ ಸಲವೂ ನಡೆದದ್ದು ಒಂದೇ. ತೋಳಿಗೆ ಸುತ್ತಿದ ಪಟ್ಟಿಗೆ ಗಾಳಿ ತುಂಬುತ್ತಿದ್ದಂತೆ ಅದರ ಅಂಟು ಚರ್ರನೆ ಬಿಟ್ಟುಕೊಳ್ಳುತ್ತಿತ್ತು. ನರ್ಸ್ ಅದನ್ನು ಮತ್ತೆ ಸುತ್ತಿ, ಬಿಚ್ಚದಂತೆ ಅಂಗೈಯಿಂದ ಒತ್ತಿ ಹಿಡಿದು, ಬಂದ ಅಂಕಿಯನ್ನು ಕಡತದಲ್ಲಿ ಬರೆದುಕೊಳ್ಳುತ್ತಿದ್ದರು. ಮೂರನೆಯ ಸಲ 146/92 ಬಂದಾಗ ಮಾತ್ರೆ ಶುರುಮಾಡುವ ಮಾತೂ ಬಂತು. ನಾಲ್ಕನೆಯ ಸಲ ಬೇರೊಬ್ಬ ನರ್ಸ್ ಇದ್ದರು. ಅವರು ಪಟ್ಟಿಗೆ ಕೈ ಹಾಕುವ ಮೊದಲು ಮೇಜಿನ ಖಾನೆಯಿಂದ ಅಳತೆಯ ಟೇಪ್ ತೆಗೆದು, ಭುಜಕ್ಕೂ ಮೊಣಕೈಗೂ ನಡುವೆ ನನ್ನ ತೋಳಿನ ಸುತ್ತಳತೆ ನೋಡಿದರು. 45 ಸೆಂಟಿಮೀಟರ್ ಇತ್ತು. ಒಳಗಿನ ಕೋಣೆಯಿಂದ ಅತಿ ದೊಡ್ಡ ಅಳತೆಯ ಪಟ್ಟಿಯನ್ನು ಹುಡುಕಿ ತಂದು, ಬೆನ್ನಿಗೆ ಆಸರೆ ಕೊಟ್ಟು, ಐದು ನಿಮಿಷ ಮಾತಾಡದೆ ಕೂರಲು ಹೇಳಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಿಸಿ ಅಳೆದರು. ಬಂದದ್ದು 124/78.

ತೋಳಿಗೆ ಚಿಕ್ಕದಾದ ಪಟ್ಟಿ ರಕ್ತದೊತ್ತಡವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದು ವೈದ್ಯರಿಗೆ ಹೊಸ ವಿಷಯವೇನಲ್ಲ. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಅಳತೆಯ ಪಟ್ಟಿ ಸುತ್ತಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚು ಬಂದಿತ್ತು. ಗರ್ಭಿಣಿಯ ಪಾಲಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಆ ಒಂದು ತಪ್ಪು ಅಂಕಿಯಿಂದ ಇಲ್ಲದ ಕಾಯಿಲೆಯ ಹೆಸರು ಕಡತಕ್ಕೆ ಸೇರಬಹುದು, ಅದರ ಹಿಂದೆಯೇ ಔಷಧವೂ, ಅವಧಿಗೆ ಮೊದಲೇ ಬೇನೆ ಬರಿಸುವ ನಿರ್ಧಾರವೂ ಬರಬಹುದು. ನೋವು ನಿವಾರಕಗಳಿಲ್ಲದೆ ಹೆರಬೇಕೆಂಬ ನನ್ನ ಆಸೆಗೆ ಗಟ್ಟಿಯಾದ ರೂಪ ಬಂದದ್ದು ಆ ದಿನವೇ. ಅಲ್ಲಿಯವರೆಗೆ ನೋವನ್ನು ಹೇಗೆ ತಾಳುವುದು ಎಂದಷ್ಟೇ ಯೋಚಿಸುತ್ತಿದ್ದ ನಾನು, ನನ್ನ ದೇಹಕ್ಕೆ ಹೊಂದುವ ಸಲಕರಣೆಗಳು ಹೆರಿಗೆಯ ಕೋಣೆಯಲ್ಲಿ ಇರುತ್ತವೆಯೇ, ಅಲ್ಲಿನವರು ನನ್ನನ್ನು ಸರಿಯಾಗಿ ಅಳೆದು, ಮುಟ್ಟಿ, ನೋಡಿ ತೀರ್ಮಾನಿಸುತ್ತಾರೆಯೇ ಎಂದು ಕೇಳತೊಡಗಿದೆ.

ಈಗ ನನಗೆ 37 ವಾರ ತುಂಬಿದೆ. ಇದು ಚೊಚ್ಚಲ. ನನ್ನ ಎತ್ತರ 160 ಸೆಂಟಿಮೀಟರ್. ಗರ್ಭ ನಿಂತಾಗ ತೂಕ 108 ಕೆ.ಜಿ. ಇತ್ತು, ಎಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ ಸುಮಾರು 42. ಈ ಅಂಕಿಗಳನ್ನು ಮುಚ್ಚಿಟ್ಟು ಬರೆದರೆ, ನನ್ನಂಥ ಮೈಯವರು ಇದನ್ನು ಓದಿಯೂ ‘ಇದು ನನಗಲ್ಲ’ ಎಂದುಕೊಳ್ಳುತ್ತಾರೆ; ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಬಿಡಿಸಿ ಹೇಳಬೇಕು. ನಾವು ‘ನಾರ್ಮಲ್ ಡೆಲಿವರಿ’ ಎಂದು ಹೇಳುವಾಗ ಸಾಮಾನ್ಯವಾಗಿ ಸಿಸೇರಿಯನ್ ಅಲ್ಲದ್ದು ಎಂದಷ್ಟೇ ಅರ್ಥ. ನಾನು ಯೋಜಿಸುತ್ತಿರುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು: ಎಪಿಡ್ಯೂರಲ್ (ಬೆನ್ನಿನಲ್ಲಿ ಸಣ್ಣ ನಳಿಕೆ ಹಾಕಿ ಸೊಂಟದ ಕೆಳಗಿನ ನೋವು ತಿಳಿಯದಂತೆ ಕೊಡುವ ಔಷಧ) ಇಲ್ಲದೆ, ಮಂಪರು ತರಿಸುವ ಚುಚ್ಚುಮದ್ದು ಇಲ್ಲದೆ, ಸಾಧ್ಯವಾದಷ್ಟೂ ಬೇನೆಯನ್ನು ಚುರುಕುಗೊಳಿಸುವ ಆಕ್ಸಿಟೋಸಿನ್ ಡ್ರಿಪ್ ಇಲ್ಲದೆ ಹೆರುವುದು. ಹೆರಿಗೆಯ ಕೋಣೆಯವರಿಗಾಗಿ ಈ ಯೋಜನೆಯನ್ನು ಒಂದು ಪುಟದಲ್ಲಿ ಬರೆದಿಟ್ಟಿದ್ದೇನೆ. ಹಾಗೆಂದು ಇದು ವೈದ್ಯಕೀಯದ ನಿರಾಕರಣೆಯಲ್ಲ. ಪ್ರೀಎಕ್ಲಾಂಪ್ಸಿಯಾ ಎಂಬ, ಗರ್ಭಿಣಿಯರಲ್ಲಿ ರಕ್ತದೊತ್ತಡ ಅಪಾಯಕರವಾಗಿ ಏರುವ ಕಾಯಿಲೆಯ ಸಾಧ್ಯತೆಯನ್ನು ತಗ್ಗಿಸಲು 12ನೆಯ ವಾರ ಕಳೆದಂದಿನಿಂದ ವೈದ್ಯರು ಹೇಳಿದಂತೆ ಕಡಿಮೆ ಪ್ರಮಾಣದ ಆಸ್ಪಿರಿನ್ ನುಂಗಿದ್ದೇನೆ. ಸಕ್ಕರೆಯ ಪರೀಕ್ಷೆಯನ್ನು ಆರಂಭದಲ್ಲೊಮ್ಮೆ, 26ನೆಯ ವಾರದಲ್ಲಿ ಇನ್ನೊಮ್ಮೆ ಮಾಡಿಸಿದ್ದೇನೆ. ಎರಡೂ ಸಲ ಸರಿಯಾಗಿತ್ತು. ಬಿಎಂಐ 30 ದಾಟಿದವರು ಗರ್ಭಾವಧಿಯಲ್ಲಿ 5ರಿಂದ 9 ಕೆ.ಜಿ. ಏರಿದರೆ ಸಾಕು ಎಂದು ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 2009ರಲ್ಲಿ ಮಾಡಿದ ಶಿಫಾರಸನ್ನೇ ನನ್ನ ವೈದ್ಯರೂ ಅನುಸರಿಸುತ್ತಾರೆ. ನಾನು ಈವರೆಗೆ 7 ಕೆ.ಜಿ. ಏರಿದ್ದೇನೆ.

ಅಪಾಯಗಳನ್ನು ನಾನು ಕಡೆಗಣಿಸಿಲ್ಲ. ತೂಕ ಹೆಚ್ಚಿದವರಲ್ಲಿ ಗರ್ಭಾವಧಿಯ ಸಕ್ಕರೆ ಕಾಯಿಲೆ, ರಕ್ತದೊತ್ತಡ, ದೊಡ್ಡ ಗಾತ್ರದ ಮಗು, ಸಿಸೇರಿಯನ್, ಹೆರಿಗೆಯ ನಂತರದ ರಕ್ತಸ್ರಾವ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಇತರರಿಗಿಂತ ಹೆಚ್ಚು. ಇದು ನಿಜ. ಆದರೆ ಒಂದು ಗುಂಪಿನಲ್ಲಿ ಅಪಾಯ ಹೆಚ್ಚು ಎಂಬುದಕ್ಕೂ ಆ ಗುಂಪಿಗೆ ಸೇರಿದ ಈ ಒಬ್ಬಳಿಗೆ ಅದು ಆಗಿಯೇ ತೀರುತ್ತದೆ ಎಂಬುದಕ್ಕೂ ಬಹಳ ದೂರವಿದೆ. ನಾನು ಮೊದಲು ನೋಡಿದ ವೈದ್ಯರು ಎಂಟನೆಯ ವಾರದಲ್ಲೇ ಕಡತದಿಂದ ತಲೆ ಎತ್ತದೆ, ‘ಈ ತೂಕಕ್ಕೆ ಸಿಸೇರಿಯನ್ ಅಂತಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂದಿದ್ದರು. ಆಗಿನ್ನೂ ನನ್ನ ರಕ್ತಪರೀಕ್ಷೆಯ ವರದಿ ಕೂಡ ಬಂದಿರಲಿಲ್ಲ. ಮನೆಗೆ ಬಂದು ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ; ಆಮೇಲೆ ವೈದ್ಯರನ್ನು ಬದಲಿಸಿದೆ.

ಎರಡನೆಯ ವೈದ್ಯರ ಬಳಿ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿದ್ದೆ. ನನ್ನಷ್ಟು ತೂಕದ ಎಷ್ಟು ಮಂದಿಗೆ ನೀವು ಹೆರಿಗೆ ಮಾಡಿಸಿದ್ದೀರಿ, ಅವರಲ್ಲಿ ಎಪಿಡ್ಯೂರಲ್ ಇಲ್ಲದೆ ಹೆತ್ತವರಿದ್ದಾರೆಯೇ, ಹೆರಿಗೆಯ ನಡುವೆ ಏನು ಕಂಡರೆ ನೀವು ಶಸ್ತ್ರಚಿಕಿತ್ಸೆ ಬೇಕೆನ್ನುತ್ತೀರಿ ಎಂದು ಕೇಳಿದೆ. ಅವರು ಮೂರನೆಯ ಪ್ರಶ್ನೆಗೆ ಕೊಟ್ಟ ಉತ್ತರದಿಂದಲೇ ನನಗೆ ನಂಬಿಕೆ ಹುಟ್ಟಿತು. ಮಗುವಿನ ಎದೆಬಡಿತದಲ್ಲಿ ಯಾವ ರೀತಿಯ ಬದಲಾವಣೆ ಕಂಡರೆ, ಗರ್ಭಕೋಶದ ಬಾಯಿ ಆರು ಸೆಂಟಿಮೀಟರ್ ದಾಟಿದ ಮೇಲೆ ಎಷ್ಟು ಹೊತ್ತು ತೆರೆಯದೆ ನಿಂತರೆ, ತಾಯಿಗೆ ಜ್ವರವೋ ರಕ್ತಸ್ರಾವವೋ ಬಂದರೆ ಎಂದು ಒಂದೊಂದಾಗಿ ಹೇಳಿದರು. ಆ ಪಟ್ಟಿಯಲ್ಲಿ ಎಲ್ಲಿಯೂ ತೂಕ ಎಂಬ ಮಾತು ಬರಲಿಲ್ಲ. ತೂಕದ ಯಂತ್ರ ನೋಡಿ ಸೊಂಟದ ಎಲುಬಿನ ಅಳತೆಯನ್ನು ಹೇಳಲಾಗದು ಎಂದೂ ಅವರೇ ಸೇರಿಸಿದರು.

ನೋವು ನಿವಾರಕ ಬೇಡವೆನ್ನಲು ನನಗಿರುವ ಮುಖ್ಯ ಕಾರಣ ಧೈರ್ಯ ತೋರಿಸುವುದಲ್ಲ, ಚಲನೆ. ಎಪಿಡ್ಯೂರಲ್ ಹಾಕಿದ ಮೇಲೆ ಕಾಲುಗಳು ಭಾರವಾಗುತ್ತವೆ, ಹೆಚ್ಚಿನ ಹೊತ್ತು ಮಂಚದಲ್ಲೇ ಕಳೆಯಬೇಕಾಗುತ್ತದೆ, ಮತ್ತು ನನ್ನಂಥವಳನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸಲು ಇಬ್ಬರು ಮೂವರು ಬೇಕಾಗುತ್ತದೆ. ನನ್ನ ಕಾಲು ನನ್ನ ಮಾತು ಕೇಳುತ್ತಿರುವಷ್ಟು ಕಾಲ ನನ್ನ ಭಾರವನ್ನು ಹೇಗೆ ಎತ್ತಬೇಕು, ಎಲ್ಲಿ ಊರಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಹೆರಿಗೆಯ ಮೊದಲ ಹಂತದಲ್ಲಿ ನಿಂತು, ಕುಳಿತು, ನಡೆದಾಡುವವರಲ್ಲಿ ಆ ಹಂತ ಸರಾಸರಿ ಒಂದು ಗಂಟೆಗೂ ಹೆಚ್ಚು ಬೇಗ ಮುಗಿಯುತ್ತದೆ ಎಂದು ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ ಹೇಳುತ್ತದೆ. ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ ಎಂಬುದು ಎಲ್ಲ ಗರ್ಭಿಣಿಯರಿಗೂ ಅನ್ವಯಿಸುವ ಮಾತು. ನನಗಂತೂ ಆ ಭಂಗಿಯಲ್ಲಿ ಎರಡೇ ನಿಮಿಷಕ್ಕೆ ಉಸಿರು ಕಟ್ಟಿದಂತಾಗುತ್ತದೆ.

ಸಮಯದ ಪ್ರಶ್ನೆಯೂ ಇದೆ. ತೂಕ ಹೆಚ್ಚಿದವರಲ್ಲಿ ಗರ್ಭಕೋಶದ ಬಾಯಿ ತೆರೆಯುವ ಮೊದಲ ಹಂತ, ಅದರಲ್ಲೂ ಆರು ಸೆಂಟಿಮೀಟರ್‌ವರೆಗಿನ ಭಾಗ, ನಿಧಾನವಾಗಿ ಸಾಗುತ್ತದೆ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕದ ಬೇರು 1950ರ ದಶಕದಲ್ಲಿ ಇಮ್ಯಾನುಯೆಲ್ ಫ್ರೀಡ್‌ಮನ್ ಬರೆದ ನಕ್ಷೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿ, ಬಾಯಿ ವೇಗವಾಗಿ ತೆರೆಯುವ ಚುರುಕಿನ ಹಂತ ಐದು ಸೆಂಟಿಮೀಟರ್‌ನಿಂದ ಆರಂಭವಾಗುತ್ತದೆ ಎಂದೂ, ಗಂಟೆಗೊಂದು ಸೆಂಟಿಮೀಟರ್ ಎಂಬ ವೇಗ ಕೆಲವು ಮಹಿಳೆಯರಿಗೆ ವಾಸ್ತವವಲ್ಲ, ಅದಕ್ಕಿಂತ ನಿಧಾನವಾದ ಮಾತ್ರಕ್ಕೆ ಮಧ್ಯೆ ಕೈಹಾಕಬಾರದು ಎಂದೂ ಹೇಳಿದೆ. ಆದ್ದರಿಂದ ನನ್ನ ಪುಟದಲ್ಲಿ ‘ತಾಯಿಯೂ ಮಗುವೂ ಚೆನ್ನಾಗಿರುವವರೆಗೆ ಸಮಯ ಕೊಡಿ’ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಮಗುವಿನ ಎದೆಬಡಿತವನ್ನು ಗಮನಿಸುವ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಕಳೆದಿದ್ದೇನೆ, ಏಕೆಂದರೆ ಯೋಜನೆ ಮುರಿಯುವುದು ಬಹುಮಟ್ಟಿಗೆ ಇಲ್ಲಿಯೇ. 34ನೆಯ ವಾರದಲ್ಲಿ ನನಗೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಇಪ್ಪತ್ತು ನಿಮಿಷ ನೋಡಿದರು. ನಾನು ಕೆಮ್ಮಿದರೂ ಬೆಲ್ಟ್ ಹೊಟ್ಟೆಯ ಮಡಿಕೆಯೊಳಕ್ಕೆ ಜಾರುತ್ತಿತ್ತು, ಜಾರಿದೊಡನೆ ಬಡಿತದ ಸದ್ದು ನಿಂತುಹೋಗುತ್ತಿತ್ತು, ಯಾರೋ ‘ಸಿಗುತ್ತಿಲ್ಲ’ ಎನ್ನುತ್ತಿದ್ದರು. ‘ಸಿಗುತ್ತಿಲ್ಲ’ ಎಂಬ ಆ ಮಾತನ್ನು ಕೇಳಿಸಿಕೊಂಡು ಅಲುಗಾಡದೆ ಮಲಗಿರುವುದು ಎಂಥ ಹಿಂಸೆ ಎಂದು ಅನುಭವಿಸಿದವರಿಗೇ ಗೊತ್ತು. ಕೊನೆಗೆ ಹಿರಿಯ ಮಿಡ್‌ವೈಫ್ ಒಬ್ಬರು ಬಂದು, ನನ್ನನ್ನು ಎಡಮಗ್ಗುಲಿಗೆ ವಾಲಿಸಿ, ಒಂದು ಅಂಗೈಯಿಂದ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಮೇಲಕ್ಕೆತ್ತಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಎದೆಬಡಿತ ಕೇಳಿಸುವ ಚಿಕ್ಕ ಯಂತ್ರವಾದ ಡಾಪ್ಲರನ್ನು ಆ ಮಡಿಕೆಯ ಕೆಳಗೆ ಇಟ್ಟರು. ಕುದುರೆ ಓಡಿದಂಥ ಆ ಸದ್ದು ತಕ್ಷಣವೇ ಕೇಳಿತು. ಮಗು ಅಷ್ಟು ಹೊತ್ತೂ ಅಲ್ಲಿಯೇ, ಆರಾಮವಾಗಿ ಇತ್ತು.

ಅಪಾಯವಿಲ್ಲದ ಹೆರಿಗೆಯಲ್ಲಿ ಚುರುಕಿನ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮಗುವನ್ನು ಹೊರತಳ್ಳಲು ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಡಾಪ್ಲರ್‌ನಿಂದ ಕೇಳಿದರೆ ಸಾಕು. ನನ್ನ ಬಿಎಂಐ ನೋಡಿ ವೈದ್ಯರು ನಿರಂತರವಾಗಿ ಗಮನಿಸುವುದೇ ಒಳ್ಳೆಯದೆಂದರು. ನಾನು ವಾದಿಸಲಿಲ್ಲ, ಆದರೆ ಹೇಗೆ ಎಂದು ಕೇಳಿದೆ. ತಂತಿಯಿಲ್ಲದ ಯಂತ್ರವನ್ನು ಮೊದಲು ಬಳಸುವುದು, ಅದು ಜಾರಿದರೆ ಮಂಚದಲ್ಲಿ ಮಲಗಿಸುವ ಬದಲು ಒಬ್ಬರು ಕೈಯಲ್ಲಿ ಹಿಡಿದಿರುವುದು, ಅದೂ ಆಗದಿದ್ದರೆ ನೀರು ಒಡೆದ ಮೇಲೆ ಮಗುವಿನ ನೆತ್ತಿಯ ಚರ್ಮಕ್ಕೆ ಸಣ್ಣ ಎಲೆಕ್ಟ್ರೋಡ್ ಸಿಕ್ಕಿಸಿ ನಾನು ಕುಳಿತೋ ನಿಂತೋ ಇರುವುದು ಎಂದು ಒಪ್ಪಂದವಾಯಿತು. ಮಗುವಿಗೆ ಚುಚ್ಚುವುದು ನನಗೆ ಇಷ್ಟವಿಲ್ಲ. ಆದರೂ ಬಡಿತ ಸಿಗದ ಕಾರಣಕ್ಕೇ ಶಸ್ತ್ರಚಿಕಿತ್ಸೆಗೆ ಹೋಗುವುದಕ್ಕಿಂತ ಅದು ಮೇಲೆಂದು ಒಪ್ಪಿದೆ.

ಅರಿವಳಿಕೆ ತಜ್ಞರನ್ನು ಭೇಟಿ ಮಾಡಬೇಕೆಂದಾಗ, ಬೇಡವೆನ್ನುವವಳಿಗೆ ಇದೇಕೆ ಎಂದು ನನಗೂ ಅನ್ನಿಸಿತ್ತು. ಬಿಎಂಐ 40 ದಾಟಿದ ಗರ್ಭಿಣಿಯರನ್ನು ಮುಂಚಿತವಾಗಿಯೇ ಅರಿವಳಿಕೆ ತಜ್ಞರಿಗೆ ತೋರಿಸಬೇಕೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2018ರ ಮಾರ್ಗಸೂಚಿಯಲ್ಲಿ ಹೇಳಿದೆ, ಮತ್ತು ಅದಕ್ಕೆ ಒಳ್ಳೆಯ ಕಾರಣವಿದೆ. ದಪ್ಪ ಬೆನ್ನಿನಲ್ಲಿ ಕಶೇರುಗಳ ನಡುವಿನ ಜಾಗ ಬೆರಳಿಗೆ ಸುಲಭವಾಗಿ ಸಿಗುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಸೂಜಿ ಹಾಕಲು ಹೊತ್ತಾದರೆ ಪೂರ್ಣ ಅರಿವಳಿಕೆ ಕೊಡಬೇಕಾಗುತ್ತದೆ, ಆಗ ಉಸಿರಿನ ನಳಿಕೆ ಕೂರಿಸುವುದೂ ನಮ್ಮಂಥವರಲ್ಲಿ ಕಷ್ಟವಾಗಬಹುದು. ಕೆಲವು ವೈದ್ಯರು ಬೇನೆಯ ಆರಂಭದಲ್ಲೇ ಎಪಿಡ್ಯೂರಲ್ ನಳಿಕೆ ಹಾಕಿಸಿಕೊಳ್ಳಲು ಸಲಹೆ ಕೊಡುವುದು ಇದಕ್ಕಾಗಿಯೇ. ನಾನು ಕಂಡ ತಜ್ಞರು ನನ್ನನ್ನು ಬೆನ್ನು ಬಾಗಿಸಿ ಕೂರಿಸಿ, ಬೆರಳಿನಿಂದ ತಡಕಿ, ಅನುಮಾನ ಬಂದಲ್ಲಿ ಅಲ್ಟ್ರಾಸೌಂಡ್ ಇಟ್ಟು ನೋಡಿ, ಬಾಯಿ ಅಗಲಿಸಿ ಕತ್ತು ಹಿಂದಕ್ಕೆ ಬಾಗಿಸಲು ಹೇಳಿ, ‘ಜಾಗ ಸಿಗುತ್ತದೆ, ಆದರೆ ನನಗೆ ಹತ್ತು ನಿಮಿಷ ಮೊದಲೇ ಹೇಳಬೇಕು’ ಎಂದರು. ಆ ಹತ್ತು ನಿಮಿಷಕ್ಕಾಗಿ ನಾನು ಎರಡು ವಿಷಯಗಳಿಗೆ ಒಪ್ಪಿದ್ದೇನೆ. ದಾಖಲಾದೊಡನೆ ಕೈಯ ನಾಳಕ್ಕೆ ಸೂಜಿ ಹಾಕಿ, ಡ್ರಿಪ್ ಜೋಡಿಸದೆ ಮುಚ್ಚಿಡುತ್ತಾರೆ. ಮಗುವಿನ ಬಡಿತದಲ್ಲಿ ಮೊದಲ ಅನುಮಾನ ಬಂದಾಗಲೇ ಅವರಿಗೆ ಕರೆ ಹೋಗುತ್ತದೆ. ನಳಿಕೆಯನ್ನು ಮೊದಲೇ ಹಾಕಿಸಿಕೊಳ್ಳುವುದಿಲ್ಲ. ಇದರಲ್ಲಿ ಉಳಿಯುವ ಅಪಾಯವನ್ನು ಅವರು ಸ್ಪಷ್ಟವಾಗಿ ಹೇಳಿದರು, ನಾನು ಕೇಳಿಸಿಕೊಂಡು ಸಹಿ ಹಾಕಿದೆ.

ಇನ್ನು ನೋವಿನ ಮಾತು. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಕೂರಬೇಕೆಂದು ಬಹಳ ಆಸೆಪಟ್ಟಿದ್ದೆ, ಆದರೆ ಅದಕ್ಕೆ ಬಿಎಂಐ ಮಿತಿ ಇತ್ತು. ತಲೆಸುತ್ತಿ ಬಿದ್ದರೆ ಬೇಗ ಹೊರತೆಗೆಯಲಾಗದು ಎಂಬ ಕಾರಣ ಕೊಟ್ಟರು. ಅತ್ತುಬಿಟ್ಟೆ. ಆಮೇಲೆ ಶವರ್ ಕೆಳಗೆ ಗಟ್ಟಿಯಾದ ಸ್ಟೂಲ್ ಇಟ್ಟು, ಗೋಡೆಗೆ ಮುಖ ಮಾಡಿ ಕುಳಿತು, ಸೊಂಟದ ಮೇಲೆ ನೀರು ಬೀಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಹೆರಿಗೆಯ ಚೆಂಡು, ಸ್ಟೂಲ್, ಮಂಚ, ಶಸ್ತ್ರಚಿಕಿತ್ಸೆಯ ಮೇಜು, ಇವೆಲ್ಲಕ್ಕೂ ಎಷ್ಟು ಭಾರ ತಡೆಯುತ್ತವೆ ಎಂಬ ಮಿತಿ ಇರುತ್ತದೆ. ನಾಚಿಕೊಳ್ಳದೆ ಕೇಳಿ ಬರೆದುಕೊಂಡಿದ್ದೇನೆ.

ಭಂಗಿಗಳಲ್ಲಿ ಕುಕ್ಕರಗಾಲು ನನ್ನ ಮಂಡಿಗೆ ಒಗ್ಗಲಿಲ್ಲ. ತಲೆಯ ಕಡೆ ಎತ್ತರಿಸಿದ ಮಂಚಕ್ಕೆ ಒರಗಿ ಮಂಡಿಯೂರುವುದು, ಅಂಬೆಗಾಲಿನಲ್ಲಿರುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲಿಗೆ ದಿಂಬುಗಳ ಆಸರೆ ಕೊಡುವುದು, ಈ ಮೂರು ಹೊಂದುತ್ತವೆ. ಹೊಟ್ಟೆ ಮುಂದಕ್ಕೆ ಜೋತಿರುವವರಲ್ಲಿ ಮಗುವಿನ ತಲೆ ಕೆಳಮುಖವಾಗಿದ್ದರೂ ದಾರಿಯ ನೇರಕ್ಕೆ ಬಾರದೆ ಮುಂದಕ್ಕೆ ವಾಲುತ್ತದೆ ಎಂದು ಆ ಹಿರಿಯ ಮಿಡ್‌ವೈಫ್ ಹೇಳಿಕೊಟ್ಟರು. ಬೇನೆ ಬಂದಾಗ ನಿಂತು, ಎರಡೂ ಕೈಗಳ ಬೆರಳುಗಳನ್ನು ಹೊಟ್ಟೆಯ ಕೆಳಗೆ ಹೆಣೆದು, ಹೊಟ್ಟೆಯನ್ನು ಮೇಲಕ್ಕೂ ಒಳಕ್ಕೂ ಎತ್ತಿ, ಸೊಂಟವನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಬೇನೆ ಇಳಿದ ಮೇಲೆ ಮೆಲ್ಲಗೆ ಬಿಡಬೇಕು. ಕೈ ಸೋತಾಗ ಉದ್ದನೆಯ ಬಟ್ಟೆಯಲ್ಲಿ ಹಿಂದಿನಿಂದ ಇನ್ನೊಬ್ಬರು ಎತ್ತಿ ಹಿಡಿಯಬಹುದು. ಬೆನ್ನಿನ ಕೆಳಭಾಗವನ್ನು ಒತ್ತಲು ನನ್ನ ಪತಿಗೆ ಮೊದಮೊದಲು ಜಾಗವೇ ತಿಳಿಯಲಿಲ್ಲ. ಚಿತ್ರಗಳಲ್ಲಿ ತೋರಿಸುವ ಬೆನ್ನು ನನ್ನದಲ್ಲ. ಟೊಂಕದ ಮೇಲಿನ ಎರಡು ಗುಳಿಗಳನ್ನು ಹೆಬ್ಬೆರಳಿನಿಂದ ಹುಡುಕಿ, ಅವುಗಳ ನಡುವೆ ಅಂಗೈಯ ಬುಡವನ್ನಿಟ್ಟು, ತೋಳಿನ ಬಲದಿಂದ ಒತ್ತದೆ ಇಡೀ ಮೈಭಾರ ಹಾಕಿದಾಗ, ಒತ್ತಡ ಮಾಂಸವನ್ನು ದಾಟಿ ಎಲುಬಿಗೆ ತಾಗಿತು. ಈಗ ಕತ್ತಲಲ್ಲೂ ಅವರ ಕೈ ಅಲ್ಲಿಗೇ ಹೋಗುತ್ತದೆ.

ಭಯ ಸ್ನಾಯುಗಳನ್ನು ಬಿಗಿಯುತ್ತದೆ, ಬಿಗಿತ ನೋವನ್ನು ಹೆಚ್ಚಿಸುತ್ತದೆ, ನೋವು ಮತ್ತೆ ಭಯವನ್ನು ಬೆಳೆಸುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ ಕಳೆದ ಶತಮಾನದ ಪೂರ್ವಾರ್ಧದಲ್ಲೇ ಹೇಳಿದ್ದರು. ದಪ್ಪ ಮೈಯವರಿಗೆ ಇದರ ಜೊತೆಗೆ ಸಂಕೋಚವೂ ಸೇರಿಕೊಳ್ಳುತ್ತದೆ. ಮೈಗೆ ಸಾಕಾಗದ ಗೌನ್ ಹಿಂದೆ ಬಾಯಿಬಿಟ್ಟಿರುವಾಗ, ‘ಸ್ವಲ್ಪ ತೂಕ ಇಳಿಸಿದ್ದರೆ ಸಲೀಸಾಗುತ್ತಿತ್ತು’ ಎಂದು ಯಾರೋ ಅಂದಾಗ ಮೈ ತಾನಾಗಿ ಬಿಗಿಯುತ್ತದೆ. ಅದಕ್ಕಾಗಿ ಮುಂದೆ ಗುಂಡಿಯಿರುವ ಎರಡು ಸಡಿಲ ಗೌನ್‌ಗಳನ್ನು ಹೊಲಿಸಿಟ್ಟುಕೊಂಡಿದ್ದೇನೆ, ಬೇನೆಯ ಹೊತ್ತಿನಲ್ಲಿ ತೂಕದ ಮಾತು ಬೇಡವೆಂದು ಪುಟದಲ್ಲಿ ಬರೆದಿದ್ದೇನೆ, ಮತ್ತು ಅಕ್ಕ ಮೊದಲಿನಿಂದ ಕೊನೆಯವರೆಗೆ ನನ್ನ ಬಳಿಯೇ ಇರುತ್ತಾಳೆ. ಹೀಗೆ ಒಬ್ಬರು ನಿರಂತರವಾಗಿ ಜೊತೆಗಿದ್ದರೆ ಸಹಜ ಹೆರಿಗೆಗಳು ಹೆಚ್ಚುತ್ತವೆ, ಸಿಸೇರಿಯನ್‌ಗಳೂ ನೋವಿನ ಔಷಧದ ಬಳಕೆಯೂ ತಗ್ಗುತ್ತವೆ ಎಂಬುದಕ್ಕೆ 15,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆಯ ಆಧಾರವಿದೆ.

ಎಂಟು ಸೆಂಟಿಮೀಟರ್ ದಾಟಿದ ಮೇಲೆ ಮೈ ನಡುಗಿ, ವಾಂತಿಯಾಗಿ, ‘ನನ್ನಿಂದ ಆಗುವುದಿಲ್ಲ’ ಎಂದು ಬಹುಪಾಲು ಹೆಂಗಸರು ಅನ್ನುತ್ತಾರಂತೆ. ನಾನೂ ಅನ್ನಬಹುದು. ಹಾಗೆ ಅಂದಾಗ ಭಂಗಿ ಬದಲಿಸಿ ಮೂರು ಬೇನೆಗಳನ್ನು ಕಳೆಯೋಣ ಎಂದು ಮಾಡಿಕೊಂಡಿದ್ದೇವೆ. ನಿಜವಾಗಿ ಸಾಕೆನಿಸಿದರೆ ಹೇಳಬೇಕಾದ ಪದ ಬೇರೆ ಇದೆ: ‘ಕೊಡೆ’. ಬೇನೆಯ ನಡುವೆ ಬಾಯಿತಪ್ಪಿ ಬರುವ ಪದವಲ್ಲ ಅದು. ಅದನ್ನು ಅಂದರೆ ಯಾರೂ ಹುರಿದುಂಬಿಸಬಾರದು, ವಾದಿಸಬಾರದು. ಅರಿವಳಿಕೆ ತಜ್ಞರನ್ನು ಕರೆಯಬೇಕು.

ಮಗು ಹೊರಬಂದ ಮೇಲಿನ ಆಕ್ಸಿಟೋಸಿನ್ ಚುಚ್ಚುಮದ್ದನ್ನು ನಾನು ಖಂಡಿತ ತೆಗೆದುಕೊಳ್ಳುತ್ತೇನೆ. ರಕ್ತಸ್ರಾವದ ಅಪಾಯ ಹೆಚ್ಚಿರುವವಳು ಮಾಸು ತಾನಾಗಿ ಬೀಳಲಿ ಎಂದು ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಸಿಸೇರಿಯನ್ ಆದರೂ ಮಗುವನ್ನು ಎದೆಯ ಮೇಲಿಡಬೇಕೆಂದು ಬರೆದಿದ್ದೇನೆ, ಏಕೆಂದರೆ ತೂಕ ಹೆಚ್ಚಿದವರಲ್ಲಿ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು, ಮಗು ಬೇಗ ಬಾಯಿಟ್ಟಷ್ಟೂ ಒಳ್ಳೆಯದು.

ಪುಟದಲ್ಲಿ ಇನ್ನೂ ತೀರ್ಮಾನವಾಗದ ಸಾಲು ಒಂದೇ. ನೋವು ತಾನಾಗಿ ಬರಲೆಂದು ಎಲ್ಲಿಯವರೆಗೆ ಕಾಯುವುದು? ದಿನ ತುಂಬಿದ ಮೇಲೆ ಗರ್ಭದಲ್ಲೇ ಮಗು ತೀರಿಹೋಗುವ ಅಪಾಯ ಒಟ್ಟಾರೆ ಚಿಕ್ಕದಾದರೂ ನನ್ನ ತೂಕದವರಲ್ಲಿ ಹೆಚ್ಚು. ಸುಮಾರು 6,100 ಚೊಚ್ಚಲ ಗರ್ಭಿಣಿಯರ ಮೇಲೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 39ನೆಯ ವಾರದಲ್ಲಿ ಬೇನೆ ಬರಿಸಿದವರಲ್ಲಿ ಸಿಸೇರಿಯನ್ ಪ್ರಮಾಣ 18.6 ಶೇಕಡಾ, ಕಾದವರಲ್ಲಿ 22.2 ಇತ್ತು. ಅವರೆಲ್ಲ ಕಡಿಮೆ ಅಪಾಯದವರೆಂಬುದು ನಿಜ, ಆದರೂ ಬೇನೆ ಬರಿಸಿದರೆ ಸಿಸೇರಿಯನ್ ಖಚಿತ ಎಂಬ ನನ್ನ ನಂಬಿಕೆ ಅಲ್ಲಾಡಿತು. ಇನ್ನೊಂದು ಕಡೆ, ಔಷಧದಿಂದ ಬರಿಸಿದ ಬೇನೆಯನ್ನು ನೋವು ನಿವಾರಕವಿಲ್ಲದೆ ತಾಳುವುದು ಇನ್ನೂ ಕಠಿಣ. ವೈದ್ಯರು 40 ವಾರ ದಾಟುವುದು ಬೇಡವೆನ್ನುತ್ತಾರೆ. ನಾನು ವಾರಕ್ಕೆರಡು ತಪಾಸಣೆಯೊಂದಿಗೆ ಅದರ ಮೇಲೆ ಇನ್ನೂ ನಾಲ್ಕು ದಿನ ಕೇಳಿದ್ದೇನೆ. ಗುರುವಾರದ ಭೇಟಿಯಲ್ಲಿ ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆಯೆಂದು ನೋಡಿ ಮಾತಾಡೋಣ ಎಂದಿದ್ದಾರೆ. ಉಳಿದ ಸಾಲುಗಳೆಲ್ಲ ಶಾಯಿಯಲ್ಲಿವೆ. ಆ ಒಂದು ತಾರೀಖನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದೇನೆ.